ಆರು ಸೂಜಿಯ ರಿಂಗ್‌ನಲ್ಲಿ ಸ್ಪಿನ್ ವೇವ್: ಮನೇಲೇ ಟೇಬಲ್ ಮೇಲೆ ಮಾಡಿ ಅಳೆಯೋದು ಹೆಂಗೆ

ಸ್ಪಿನ್ ವೇವ್ ಅಂದ್ರೆ ಅಯಸ್ಕಾಂತದೊಳಗಿನ ಸ್ಪಿನ್ ಅನ್ನೋ ಪುಟಾಣಿ ಕಾಂತಗಳ ಸಾಲಲ್ಲಿ ಏಳೋ ಅಲೆ. ಈ ಹೆಸರು ಕೇಳಿದ ಕೂಡ್ಲೇ ಎಂಎಸ್ಸಿ ಫಿಸಿಕ್ಸ್ ಹುಡುಗ್ರಿಗೆ ಸಾಲಿಡ್ ಸ್ಟೇಟ್ ಪೇಪರ್ ನೆನಪಾಗುತ್ತೆ. ಬಾಣದ ಗುರುತುಗಳು ಸಾಲಾಗಿ ಓಲಾಡೋ ಒಂದು ಚಿತ್ರ, ಅದರ ಕೆಳಗೆ ಅರ್ಧ ಪುಟದ ಡೆರಿವೇಶನ್, ಬಾಯಿಪಾಠ ಮಾಡಿ ಬರೆದು ಬಂದ್ರೆ ಮುಗೀತು. ಅದರ ಹತ್ತಿರದ ಸಂಬಂಧಿಯನ್ನ ಕಣ್ಣಲ್ಲೇ ನೋಡಬಹುದು, ಫೋನಲ್ಲಿ ವಿಡಿಯೋ ಮಾಡಿ ಅಳೀಬಹುದು ಅಂತ ಯಾಕೋ ಯಾರೂ ಹೇಳಲ್ಲ. ಹೊಸ ಐಡಿಯಾನೂ ಅಲ್ಲ ಇದು, ಕಬ್ಬಿಣ ಹೆಂಗೆ ಅಯಸ್ಕಾಂತ ಆಗುತ್ತೆ ಅಂತ ತಿಳ್ಕೊಳ್ಳೋಕೆ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್ 1890ರಲ್ಲೇ ಸಣ್ಣ ಸಣ್ಣ ತಿರುಗೋ ಸೂಜಿಗಳನ್ನ ಸಾಲಾಗಿ ಜೋಡ್ಸಿ ನೋಡಿದ್ದರು. ಫೆಲಿಕ್ಸ್ ಬ್ಲಾಕ್ ಸ್ಪಿನ್ ವೇವ್ ಅನ್ನೋ ಕಲ್ಪನೆ ಕೊಟ್ಟಿದ್ದು 1930ರಲ್ಲಿ, ಅಂದ್ರೆ ನಲವತ್ತು ವರ್ಷ ಆದ್ಮೇಲೆ.

ದಾವಣಗೆರೆ, ಚಿತ್ರದುರ್ಗ ಕಡೆ ಪಿಯುಸಿ ಮಕ್ಕಳ ಸೈನ್ಸ್ ಎಕ್ಸಿಬಿಷನ್‌ಗೂ, ತೋಳಹುಣಸೆ ಕ್ಯಾಂಪಸ್‌ನ ಎಂಎಸ್ಸಿ ಪ್ರಾಜೆಕ್ಟ್‌ಗೂ ಎರಡಕ್ಕೂ ಆಗೋ ಹಂಗೆ ಬರೀತಿದೀನಿ. ಪಿಯುಸಿಯವರು ಲೆಕ್ಕದ ಭಾಗದಲ್ಲಿ ಉತ್ತರ ಮಾತ್ರ ತಗೊಂಡ್ರೂ ನಡೆಯುತ್ತೆ.

ಏನೇನು ಬೇಕು

ನಿಯೋಡಿಮಿಯಂ ಮ್ಯಾಗ್ನೆಟ್, 3 ಮಿಲಿಮೀಟರ್ ದಪ್ಪ 5 ಮಿಲಿಮೀಟರ್ ಉದ್ದದ ಕಡ್ಡಿ ಆಕಾರದ್ದು, 12 ಪೀಸ್. ಉದ್ದಕ್ಕೇ ನಾರ್ತ್ ಸೌತ್ ಇರೋದೇ ಬೇಕು. ಆನ್‌ಲೈನಲ್ಲಿ ತರಿಸೋದು ಸುಲಭ, ಒಂದೆರಡು ಜಾಸ್ತಿನೇ ತರಿಸ್ರಿ, ಒಂದಕ್ಕೊಂದು ಪಟ್ ಅಂತ ಬಡ್ಕೊಂಡು ಒಡೀತಾವೆ. ಐಸ್‌ಕ್ರೀಮ್ ಕಡ್ಡಿ, ಫೆವಿಕ್ವಿಕ್, ಒಂದು ಪ್ಲೈವುಡ್ ತುಂಡು, 1 ಮಿಲಿಮೀಟರ್ ಹಿತ್ತಾಳೆ ತಂತಿ, ಟಿಚ್ ಬಟನ್ ಆರು ಜೊತೆ. ಟಿಚ್ ಬಟನ್ ಚೌಕಿಪೇಟೆ ಕಡೆ ಟೈಲರಿಂಗ್ ಸಾಮಾನಿನ ಅಂಗಡೀಲಿ ಸಿಗುತ್ತೆ, ಆದ್ರೆ ಕೊಳ್ಳೋವಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ಹೋಗಿ ಮುಟ್ಟಿಸಿ ನೋಡ್ರಿ. ಅಂಟಿದ್ರೆ ಅದರಲ್ಲಿ ಕಬ್ಬಿಣ ಐತೆ ಅಂತ ಅರ್ಥ, ಅಂಥದ್ದು ಬೇಡ, ಹಿತ್ತಾಳೇದು ಅಂಟಲ್ಲ.

ಎಲ್ಲಕ್ಕಿಂತ ಮುಖ್ಯ ಇದೇ. ಶಾಲೇಲಿ ಕಂಪಾಸ್ ಮಾಡೋವಾಗ ಹೊಲಿಗೆ ಸೂಜಿ ಅಥವಾ ಗುಂಡುಪಿನ್ ಮೇಲೆ ನಿಲ್ಲಿಸ್ತೀವಲ್ಲ, ಅದು ಇಲ್ಲಿ ನಡೆಯಲ್ಲ. ನಿಯೋಡಿಮಿಯಂ ಅಷ್ಟು ಜೋರಿರೋದ್ರಿಂದ ಸ್ಟೀಲ್ ಪಿನ್ನಿಗೆ ಹೋಗಿ ಕಚ್ಕೊಂಡು ಬಿಡುತ್ತೆ, ಅಲ್ಲಾಡೋದೇ ಇಲ್ಲ. ಹಿತ್ತಾಳೆ ತಂತಿಯನ್ನೇ ಕತ್ತರಿಸಿ, ತುದಿಯನ್ನ ಸಾಣೆ ಕಲ್ಲಿನ ಮೇಲೆ ಉಜ್ಜಿ ಚೂಪು ಮಾಡ್ಕೊಳ್ರಿ. ಪ್ಲೈವುಡ್‌ಗೂ ಮೊಳೆ ಬಡೀಬೇಡಿ, ಸ್ಟೀಲ್ ಟೇಬಲ್ ಮೇಲೆ ಇಡಬೇಡಿ, ಬೀರುವಿನಿಂದ ದೂರ ಇರ್ರಿ.

ಮನೇಲಿ ಚಿಕ್ಕ ಮಕ್ಕಳಿದ್ರೆ ಈ ಮ್ಯಾಗ್ನೆಟ್‌ಗಳನ್ನ ಎಣಿಸಿಟ್ಟು ಎಣಿಸಿ ತೆಗೀರಿ. ಎರಡು ನುಂಗಿದ್ರೆ ಹೊಟ್ಟೆಯೊಳಗೆ ಕರುಳನ್ನ ನಡುವೆ ಹಿಡ್ಕೊಂಡು ಅಂಟ್ಕೊತಾವೆ, ಆಪರೇಷನ್‌ವರೆಗೂ ಹೋಗುತ್ತೆ. ಪೇಸ್‌ಮೇಕರ್ ಹಾಕ್ಕೊಂಡಿರೋ ಹಿರಿಯರನ್ನೂ ಹತ್ತಿರ ಕೂರಿಸ್ಬೇಡಿ.

ಸೂಜಿ ಮಾಡೋದು

ಐಸ್‌ಕ್ರೀಮ್ ಕಡ್ಡಿಯನ್ನ ಮೂರೂವರೆ ಸೆಂಟಿಮೀಟರ್‌ಗೆ ಕತ್ತರಿಸಿ, ನಡುವೆ ಒಂದು ತೂತು ಮಾಡಿ, ಟಿಚ್ ಬಟನ್ನಿನ ಉಬ್ಬಿರೋ ಅರ್ಧವನ್ನ ಅದರಲ್ಲಿ ಕೂರಿಸ್ರಿ, ಅದರ ಗುಳಿ ಕೆಳಕ್ಕೆ ಇರಬೇಕು, ತಂತಿ ಮೊನೆ ಆ ಗುಳಿಯೊಳಗೆ ನಿಲ್ಲುತ್ತೆ. ಆಮೇಲೆ ಕಡ್ಡಿಯ ಅಡಿಭಾಗಕ್ಕೆ, ಮೊನೆಯ ಆ ಕಡೆ ಒಂದು ಈ ಕಡೆ ಒಂದು ಮ್ಯಾಗ್ನೆಟ್ ಅಂಟಿಸ್ರಿ, ಎರಡರ ನಾರ್ತೂ ಒಂದೇ ದಿಕ್ಕಿಗೆ, ಕಡ್ಡಿಯ ಉದ್ದಕ್ಕೆ. ಮೇಲೆ ಅಂಟಿಸಿದ್ರೆ ಭಾರ ಮೊನೆಗಿಂತ ಮೇಲೆ ಹೋಗಿ ಸೂಜಿ ಪಲ್ಟಿ ಹೊಡೆಯುತ್ತೆ, ಅದಕ್ಕೇ ಅಡಿಗೆ.

ಒಂದೊಂದನ್ನೇ ಬೇರೆಯದರಿಂದ ಒಂದು ಮೀಟರ್ ದೂರದಲ್ಲಿ ಮೊನೆ ಮೇಲಿಟ್ರೆ ಉತ್ತರಕ್ಕೆ ತಿರುಗುತ್ತೆ. ಉತ್ತರ ನೋಡೋ ತುದಿಗೆ ನೇಲ್ ಪಾಲಿಶ್ ಹಚ್ರಿ. ಅಲ್ಲೇ ಸ್ವಲ್ಪ ತಿರುಗಿಸಿ ಬಿಟ್ಟು ಹತ್ತು ಓಲಾಟಕ್ಕೆ ಎಷ್ಟು ಸೆಕೆಂಡ್ ಅಂತ ನೋಡ್ರಿ. ನಮ್ಮ ಕಡೆ ಭೂಮಿಯ ಅಡ್ಡ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಈ ಅಳತೆಯ ಸೂಜಿಗೆ ಒಂದು ಓಲಾಟ ಒಂದು ಸೆಕೆಂಡಿನ ಆಸುಪಾಸು ಬರುತ್ತೆ. ಆರೂ ಸೂಜಿಗೆ ಒಂದೇ ಟೈಮ್ ಬರಬೇಕು. ಯಾವುದು ನಿಧಾನವೋ ಅದರ ಕಡ್ಡಿಯ ಎರಡೂ ತುದಿ ಸ್ಯಾಂಡ್‌ಪೇಪರ್‌ನಲ್ಲಿ ಸಮವಾಗಿ ಉಜ್ಜಿ ಹಗುರ ಮಾಡ್ರಿ. ಬೇಜಾರಿನ ಕೆಲಸ, ಒಪ್ತೀನಿ, ಆದ್ರೆ ಇದನ್ನ ಬಿಟ್ರೆ ಮುಂದೆ ಬರೋ ಅಳತೆಗೆ ಅರ್ಥನೇ ಇರಲ್ಲ.

ರಿಂಗ್ ಜೋಡಿಸೋದು

ಪ್ಲೈವುಡ್ ಮೇಲೆ 5 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರ್ದು, ಕೈವಾರ ಅಗಲ ಬದಲಾಯಿಸದೇ ವೃತ್ತದ ಮೇಲೇ ಆರು ಸಲ ಗುರುತು ಹಾಕ್ರಿ, ಷಟ್ಕೋನದಲ್ಲಿ ಪಕ್ಕಪಕ್ಕದ ದೂರವೂ ತ್ರಿಜ್ಯವೂ ಒಂದೇ ಅಲ್ವಾ. ಆ ಗುರುತಲ್ಲಿ ಹಿತ್ತಾಳೆ ತಂತಿ ನೆಟ್ಟಗೆ, ಒಂದೇ ಎತ್ತರಕ್ಕೆ. ದೂರವನ್ನ ಇನ್ನೂ ಕಮ್ಮಿ ಮಾಡೋ ಆಸೆ ಬರುತ್ತೆ, ಬೇಡ. ಹತ್ತಿರ ಬಂದಂಗೆ ಮ್ಯಾಗ್ನೆಟ್‌ನ ಉದ್ದವೂ ಲೆಕ್ಕಕ್ಕೆ ಬರೋಕೆ ಶುರುವಾಗಿ ಅದು ಬರೀ ಡೈಪೋಲ್ (ಉದ್ದ ಲೆಕ್ಕಕ್ಕಿಲ್ಲದ ಚುಕ್ಕಿಯಂಥ ಮ್ಯಾಗ್ನೆಟ್) ಆಗಿ ಉಳಿಯಲ್ಲ, ತೀರಾ ಹತ್ತಿರ ಆದ್ರೆ ಸೂಜಿಗಳು ಮೊನೆಯಿಂದ ಎಗರಿ ಒಂದಕ್ಕೊಂದು ಅಂಟ್ಕೊತಾವೆ.

ಆರೂ ಕೂರಿಸಿದ ಮೇಲೆ ಸೂಜಿಗಳು ವೃತ್ತದ ಗುಂಟ ಒಂದರ ಬಾಲಕ್ಕೆ ಇನ್ನೊಂದರ ತಲೆ ಬರೋ ಹಂಗೆ ಸುತ್ತಲೂ ನಿಲ್ಬೇಕು. ಇದೇ ಇದರ ಗ್ರೌಂಡ್ ಸ್ಟೇಟ್, ಅಂದ್ರೆ ಎನರ್ಜಿ ಅತಿ ಕಮ್ಮಿ ಇರೋ ಸ್ಥಿತಿ, ವೋರ್ಟೆಕ್ಸ್ ಅಂತಾರೆ. ಒಟ್ಟು ಮೊಮೆಂಟ್, ಅಂದ್ರೆ ಆರೂ ಸೇರಿದ ಕಾಂತಶಕ್ತಿ, ಸೊನ್ನೆ, ದೂರದಿಂದ ನೋಡಿದ್ರೆ ಅಲ್ಲಿ ಮ್ಯಾಗ್ನೆಟ್ ಇರೋದೇ ಗೊತ್ತಾಗಲ್ಲ. ಗಡಿಯಾರದ ದಿಕ್ಕಿಗೂ ನಿಲ್ಲಬಹುದು, ಉಲ್ಟಾನೂ ನಿಲ್ಲಬಹುದು, ಎನರ್ಜಿ ಎರಡಕ್ಕೂ ಒಂದೇ. ಅರ್ಧ ರಿಂಗ್ ಈ ಕಡೆ ಅರ್ಧ ಆ ಕಡೆ ತಿರುಗಿ ಕೂತಿದ್ರೆ ಪ್ಲಾಸ್ಟಿಕ್ ಕಡ್ಡೀಲಿ ಒಂದೊಂದನ್ನೇ ತಿರುಗಿಸಿ ಸರಿ ಮಾಡ್ರಿ.

ಈ ದೂರದಲ್ಲಿ ಒಂದು ಸೂಜಿಗೆ ಉಳಿದ ಐದೂ ಸೇರಿ ಕೊಡೋ ಕ್ಷೇತ್ರ ಅಂದಾಜು 220 ಮೈಕ್ರೋಟೆಸ್ಲಾ, ಭೂಮಿಯದ್ದರ ಐದು ಪಟ್ಟಿಗಿಂತ ಜಾಸ್ತಿ. ಹಂಗಾಗಿ ಭೂಮಿ ಸ್ವಲ್ಪ ಕೆಣಕುತ್ತೆ ಅಷ್ಟೇ, ಕೆಡಿಸಲ್ಲ.

ಇನ್ನು ಗಾಳಿ. ಫ್ಯಾನ್ ಆಫ್ ಮಾಡ್ರಿ, ಕಿಟಕಿ ಮುಚ್ರಿ. ಚಿತ್ರದುರ್ಗದವರು ಆಷಾಢದಲ್ಲಿ ಇದನ್ನ ಮಾಡೋದಾದ್ರೆ ಮೇಲೊಂದು ಗಾಜಿನ ಪೆಟ್ಟಿಗೆ ಬೇಕೇ ಬೇಕು, ಗುಡ್ಡದ ಮೇಲಿನ ವಿಂಡ್‌ಮಿಲ್ ತಿರುಗಿಸೋ ಗಾಳಿಗೆ ಐಸ್‌ಕ್ರೀಮ್ ಕಡ್ಡಿ ಯಾವ ಲೆಕ್ಕ.

ಅಲೆ ಎಬ್ಬಿಸೋದು

ಆರು ಸೂಜಿ ಇರೋದ್ರಿಂದ ಓಲಾಡೋ ಪ್ಯಾಟರ್ನ್ ಅಂದ್ರೆ ಮೋಡ್‌ಗಳೂ ಆರು. ಅವಕ್ಕೆ ಕ್ಯೂ ಅಂತ ನಂಬರ್ ಕೊಡ್ತಾರೆ, ರಿಂಗ್ ಸುತ್ತ ಎಷ್ಟು ಅಲೆ ಕೂರುತ್ತೆ ಅನ್ನೋದೇ ಕ್ಯೂ. ಒಂದೇ ಅಲೆಯನ್ನ ಎಡಕ್ಕೂ ಬಲಕ್ಕೂ ಓಡಿಸಬಹುದು, ಅದಕ್ಕೆ 1 ಮತ್ತು 5ರ ಫ್ರೀಕ್ವೆನ್ಸಿ ಒಂದೇ, 2 ಮತ್ತು 4ರದ್ದೂ ಒಂದೇ. ಅಲ್ಲಿಗೆ ಅಳೆಯೋಕೆ ಉಳಿಯೋದು ನಾಲ್ಕೇ: 0, 1, 2, 3.

ಕ್ಯೂ 0 ಅಂದ್ರೆ ಆರೂ ಸೂಜಿಯ ನಾರ್ತ್ ತುದಿ ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ. ಇದನ್ನ ಎಬ್ಬಿಸೋದು ಭಾರಿ ಸುಲಭ. ಒಂದು ಬಾರ್ ಮ್ಯಾಗ್ನೆಟ್‌ನ ನಾರ್ತ್ ಕೆಳಕ್ಕೆ ಮಾಡಿ ನೆಟ್ಟಗೆ ಹಿಡ್ಕೊಂಡು ರಿಂಗಿನ ಸೆಂಟರ್ ಮೇಲೆ ನಿಧಾನ ಇಳಿಸ್ರಿ, ಅದರ ಕ್ಷೇತ್ರ ಎಲ್ಲಾ ಕಡೆಗೂ ಸಮವಾಗಿ ಹೊರಕ್ಕೆ ಹರಡೋದ್ರಿಂದ ಆರೂ ತುದಿ ಒಟ್ಟಿಗೆ ಹೊರಗೆ ವಾಲ್ತಾವೆ, ಹತ್ತು ಹದಿನೈದು ಡಿಗ್ರಿ ವಾಲಿದ ಕೂಡ್ಲೇ ಮ್ಯಾಗ್ನೆಟ್‌ನ ಸರಕ್ಕನೆ ಮೇಲೆತ್ತಿ ದೂರ ಒಯ್ಯಿರಿ.

ಕ್ಯೂ 1ಕ್ಕೆ ಬಾರ್ ಮ್ಯಾಗ್ನೆಟ್ ಅರ್ಧ ಮೀಟರ್ ದೂರದಲ್ಲಿ ಪಕ್ಕಕ್ಕೆ ಹಿಡಿದು ಎಳ್ಕೊಳ್ರಿ. ದೂರದಿಂದ ಬರೋ ಕ್ಷೇತ್ರ ರಿಂಗ್ ಪೂರ್ತಿ ಒಂದೇ ಥರ ಇರುತ್ತೆ, ಅದು ಒಂದು ಕಡೆಯ ಸೂಜಿಯನ್ನ ಹೊರಕ್ಕೂ ಎದುರಿನ ಸೂಜಿಯನ್ನ ಒಳಕ್ಕೂ ತಿರುಗಿಸುತ್ತೆ, ಅಂದ್ರೆ ಸರಿಯಾಗಿ ಒಂದೇ ಅಲೆ. ಭೂಮಿಯ ಕ್ಷೇತ್ರ ಮಾಡೋ ಕಿತಾಪತಿಯೂ ಇದೇ ಪ್ಯಾಟರ್ನಿನದ್ದು.

ಕ್ಯೂ 3 ಅಂದ್ರೆ ಒಂದು ಹೊರಗೆ ಒಂದು ಒಳಗೆ, ಪೂರ್ತಿ ಅಂಕುಡೊಂಕು. ಇದಕ್ಕೆ ದಪ್ಪ ರಟ್ಟಿನ ಒಂದು ವೃತ್ತ ಕತ್ತರಿಸಿ ಆರು ನಾಲಿಗೆ ಕೆಳಕ್ಕೆ ಮಡಚಿ, ಒಂದು ಸೂಜಿಯ ತುದಿಯನ್ನ ಒಳಗಿಂದ ತಳ್ಳೋ ಹಂಗೆ, ಪಕ್ಕದ್ದನ್ನ ಹೊರಗಿಂದ ತಳ್ಳೋ ಹಂಗೆ ಮೇಲಿಂದ ಇಳಿಸಿ ನೆಟ್ಟಗೆ ಎತ್ತಿಬಿಡ್ರಿ. ಕ್ಯೂ 2ನ್ನ ಬೇರೆಯಾಗಿ ಎಬ್ಬಿಸೋ ಕಷ್ಟ ಬೇಡ, ಒಂದೇ ಒಂದು ಸೂಜಿಯನ್ನ ತಟ್ಟಿದ್ರೆ ಎಲ್ಲಾ ಮೋಡ್‌ಗಳೂ ಒಟ್ಟಿಗೆ ಏಳ್ತಾವೆ, ವಿಡಿಯೋದಿಂದ ಬೇರೆ ಮಾಡ್ಕೊಳ್ಳೋಣ.

ವಿಡಿಯೋದಿಂದ ಫ್ರೀಕ್ವೆನ್ಸಿ ತೆಗೆಯೋದು

ಫೋನ್‌ನ ಸ್ಲೋ ಮೋಷನ್ ಸಾಕು, ಸೆಕೆಂಡಿಗೆ 120 ಫ್ರೇಮ್ ಇದ್ರೂ ನಡೆಯುತ್ತೆ, ಯಾಕಂದ್ರೆ ಈ ಸೂಜಿಗಳು ಸೆಕೆಂಡಿಗೆ ಎರಡರಿಂದ ನಾಲ್ಕು ಸಲ ಓಲಾಡೋವು ಅಷ್ಟೇ. ಫೋನನ್ನ ನೇರ ಮೇಲೆ, ಕನಿಷ್ಠ ಮೊಳ ಎತ್ತರದಲ್ಲಿ ಇಡ್ರಿ, ಫೋನ್ ಒಳಗಿನ ಸ್ಪೀಕರ್‌ನಲ್ಲೂ ಮ್ಯಾಗ್ನೆಟ್ ಐತೆ. ಟ್ರ್ಯಾಕರ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ನೇಲ್ ಪಾಲಿಶ್ ಚುಕ್ಕಿಗಳನ್ನ ಹಿಡಿದು ಪ್ರತಿ ಫ್ರೇಮಿಗೆ ಆರು ಕೋನ ಬರ್ಕೊಳ್ರಿ, ಹೊರಗೆ ವಾಲಿದ್ರೆ ಪ್ಲಸ್, ಒಳಗೆ ಮೈನಸ್.

ಆಮೇಲೆ ಆರು ಕೋನಗಳನ್ನ ಹಂಗೇ ಕೂಡಿದ್ರೆ ಕ್ಯೂ 0 ಮಾತ್ರ ಉಳಿಯುತ್ತೆ. ಪ್ಲಸ್ ಮೈನಸ್ ಪ್ಲಸ್ ಮೈನಸ್ ಅಂತ ಸುತ್ತಲೂ ಹಾಕಿ ಕೂಡಿದ್ರೆ ಕ್ಯೂ 3. ಕ್ರಮವಾಗಿ 1, ಅರ್ಧ, ಮೈನಸ್ ಅರ್ಧ, ಮೈನಸ್ 1, ಮೈನಸ್ ಅರ್ಧ, ಅರ್ಧ ಇವುಗಳಿಂದ ಗುಣಿಸಿ ಕೂಡಿದ್ರೆ ಕ್ಯೂ 1. ಕ್ಯೂ 2ಕ್ಕೆ 1, ಮೈನಸ್ ಅರ್ಧ, ಮೈನಸ್ ಅರ್ಧ, ಮತ್ತೆ ಅದೇ ಮೂರು. ಒಂದೊಂದು ಮೊತ್ತವನ್ನೂ ಟೈಮ್ ಎದುರು ಗ್ರಾಫ್ ಹಾಕಿದ್ರೆ ನಿಧಾನಕ್ಕೆ ಸಾಯೋ ಒಂದು ಸೈನ್ ಕರ್ವ್ ಸಿಗುತ್ತೆ, ಅದರ ಶಿಖರಗಳ ನಡುವಿನ ಸಮಯ ನೋಡ್ರಿ.

ಮೊದಲು ಕಣ್ಣಿಗೆ ಬೀಳೋದು ಏನಂದ್ರೆ, ಎಲ್ಲಾ ಒಟ್ಟಿಗೆ ಅಲ್ಲಾಡೋ ಕ್ಯೂ 0ನೇ ಅತಿ ವೇಗ, ಅಂಕುಡೊಂಕಿನ ಕ್ಯೂ 3ನೇ ಅತಿ ನಿಧಾನ. ವೀಣೆ ತಂತಿ ನೋಡಿ ಬೆಳೆದ ಬುದ್ಧಿಗೆ ಇದು ಉಲ್ಟಾ ಕಾಣುತ್ತೆ, ಅಲ್ಲಿ ಅಲೆ ಚಿಕ್ಕದಾದಂಗೆ ಸ್ವರ ಮೇಲಕ್ಕೆ ಹೋಗೋದು. ಇಲ್ಲಿ ಯಾಕೆ ಹಿಂಗೆ ಅಂದ್ರೆ, ಪಕ್ಕಪಕ್ಕದ ಎರಡು ಸೂಜಿ ಎರಡೂ ಹೊರಕ್ಕೆ ವಾಲಿದಾಗ ನಾರ್ತ್ ಪಕ್ಕ ನಾರ್ತ್ ಬಂದು ಒಂದನ್ನೊಂದು ತಳ್ತಾವೆ, ವಾಪಸ್ ದಬ್ಬೋ ಬಲ ಜೋರಾಗುತ್ತೆ. ಒಂದು ಹೊರಗೆ ಒಂದು ಒಳಗೆ ವಾಲಿದ್ರೆ ಆ ವಾಲಿದ ಭಾಗಗಳು ಒಂದಕ್ಕೊಂದು ಹೊಂದ್ಕೊತಾವೆ, ವಾಪಸ್ ಬರೋ ಅವಸರ ಇರಲ್ಲ. ಮ್ಯಾಗ್ನೆಟೈಸೇಶನ್ (ಒಳಗಿನ ಸ್ಪಿನ್‌ಗಳು ಸೇರಿ ಕೊಡೋ ಕಾಂತತ್ವ) ಇರೋ ದಿಕ್ಕಿಗೇ ಓಡೋ ಅಲೆಗಳು ತೆಳು ಮ್ಯಾಗ್ನೆಟಿಕ್ ಫಿಲ್ಮ್‌ಗಳಲ್ಲೂ ಹಿಂಗೇ ನಡ್ಕೊತಾವೆ, ಬ್ಯಾಕ್‌ವರ್ಡ್ ವೇವ್ ಅಂತಾರೆ.

ಲೆಕ್ಕ, ಮತ್ತು ಎಲ್ಲರೂ ಎಡವೋ ಜಾಗ

ಎಕ್ಸೆಲ್ ತೆಗೀರಿ. ಒಂದು ಸೂಜಿಯಿಂದ ಉಳಿದ ಐದರ ಕೋನ 60, 120, 180, 240, 300 ಡಿಗ್ರಿ, ಐದು ಸಾಲು. ದೂರ ಅಂದ್ರೆ ಕೋನದ ಅರ್ಧದ ಸೈನ್ ಇಂಟು 2, ತ್ರಿಜ್ಯ 1 ಅಂತ ಇಟ್ಕೊಂಡ್ರೆ ಸಾಕು. ತೂಕ ಅಂದ್ರೆ 1 ಭಾಗಿಸು ದೂರದ ಘನ. ಎಕ್ಸೆಲ್‌ಗೆ ಡಿಗ್ರಿ ಅರ್ಥ ಆಗಲ್ಲ, ರೇಡಿಯನ್‌ಗೆ ತಿರುಗಿಸಿ ಕೊಡ್ರಿ.

ಮುಂದಿನ ಕಾಲಂ: 3 ಪ್ಲಸ್ ಕೋನದ ಕಾಸ್, ಅದರ ಅರ್ಧ, ಇಂಟು ತೂಕ. ಈ ಕಾಲಂನ ಮೊತ್ತವೇ ಸೂಜಿಯನ್ನ ತನ್ನ ಜಾಗದಲ್ಲಿ ಹಿಡಿದಿಡೋ ಕ್ಷೇತ್ರ, ಆರಕ್ಕೆ 4.106 ಬರಬೇಕು. ಅದರ ಮುಂದಿನದು: 3 ಮೈನಸ್ ಕೋನದ ಕಾಸ್, ಅದರ ಅರ್ಧ, ಇಂಟು ತೂಕ, ಇಂಟು ಕ್ಯೂ ಪಟ್ಟು ಕೋನದ ಕಾಸ್. ಎರಡೂ ಮೊತ್ತ ಕೂಡಿದ್ರೆ ಆ ಮೋಡ್‌ನ ಬಿಗಿ, ಅಂದ್ರೆ ವಾಲಿದ್ದನ್ನ ವಾಪಸ್ ಎಳೆಯೋ ಜೋರು, ಸಿಗುತ್ತೆ. ಕ್ಯೂ 0ಕ್ಕೆ 7.53, 1ಕ್ಕೆ 4.77, 2ಕ್ಕೆ 2.77, 3ಕ್ಕೆ 2.03. ಟೈಪಿಂಗ್ ಸರಿ ಇದೆಯಾ ಅಂತ ಚೆಕ್ ಮಾಡೋಕೆ ಒಂದು ದಾರಿ: ಕ್ಯೂ 0ರ ಬಿಗಿ ಯಾವಾಗಲೂ ತೂಕದ ಕಾಲಂನ ಮೊತ್ತದ ಮೂರು ಪಟ್ಟು ಇರಬೇಕು.

ಸೂಜಿಯ ಫ್ರೀಕ್ವೆನ್ಸಿ ಬಿಗಿಯ ವರ್ಗಮೂಲದ ಮೇಲೆ ಹೋಗುತ್ತೆ. ಕ್ಯೂ 3ನ್ನ 1 ಅಂತ ಇಟ್ಕೊಂಡ್ರೆ ಕ್ಯೂ 2 ಬರೋದು 1.17, ಕ್ಯೂ 1ಕ್ಕೆ 1.53, ಕ್ಯೂ 0ಗೆ 1.93. ಅನುಪಾತ ನೋಡೋದ್ರಲ್ಲಿ ಒಂದು ಲಾಭ ಐತೆ, ಮ್ಯಾಗ್ನೆಟ್‌ನ ಶಕ್ತಿ, ಕಡ್ಡಿಯ ತೂಕ ಯಾವುದೂ ಗೊತ್ತಿರಬೇಕಾಗಿಲ್ಲ, ಎಲ್ಲಾ ಭಾಗಾಕಾರದಲ್ಲಿ ಹಾರಿ ಹೋಗುತ್ತೆ.

ಎಡವೋದು ಎಲ್ಲಿ ಅಂದ್ರೆ, ದೂರದ ಘನದಲ್ಲಿ ಕಮ್ಮಿ ಆಗೋ ಬಲ, ಪಕ್ಕದ ಎರಡು ಸೂಜಿ ಮಾತ್ರ ತಗೊಂಡ್ರೆ ಸಾಕು ಅಂತ ಅನ್ಸುತ್ತೆ, ಪುಸ್ತಕದ ಹೈಸನ್‌ಬರ್ಗ್ ಚೈನ್ ಅನ್ನೋ ಸ್ಪಿನ್ ಸಾಲಿನ ಲೆಕ್ಕದಲ್ಲೂ ಹಂಗೇ ಮಾಡಿರ್ತೀವಿ. ಹಂಗೆ ಮಾಡಿ ನೋಡ್ರಿ: ಕ್ಯೂ 0ಗೆ 6, ಕ್ಯೂ 3ಕ್ಕೆ 1, ಅನುಪಾತ 6ರ ವರ್ಗಮೂಲ ಅಂದ್ರೆ 2.45. ಎಲ್ಲರನ್ನೂ ಸೇರಿಸಿದ್ರೆ 1.93. ವ್ಯತ್ಯಾಸ ಸಣ್ಣದಲ್ಲ, ಐಸ್‌ಕ್ರೀಮ್ ಕಡ್ಡಿ ಪ್ರಯೋಗದಲ್ಲೂ ಖಂಡಿತ ಕಾಣುತ್ತೆ. ದೂರದ ಸೂಜಿಗಳ ಪಾಲು ಸಣ್ಣದೇ, ಆದ್ರೆ ಕ್ಯೂ 3ರಲ್ಲಿ ಪಕ್ಕದವು ಕೊಡೋ 3.5ರಲ್ಲಿ 2.5 ವಾಪಸ್ ಕಳೆದು ಹೋಗಿ ಉಳಿಯೋದು 1 ಮಾತ್ರ, ಅಷ್ಟು ಬಡವಾದ ಮೋಡ್‌ಗೆ ದೂರದವರು ಕೊಡೋ ಇನ್ನೊಂದು 1 ಅಂದ್ರೆ ಆಸ್ತಿ ಡಬಲ್ ಆದಂಗೆ. ನನಗೆ ಕೇಳಿದ್ರೆ ಇಡೀ ಪ್ರಾಜೆಕ್ಟಿನಲ್ಲಿ ವೈವಾದಲ್ಲಿ ಎದೆ ತಟ್ಟಿ ಹೇಳೋ ಮಾತು ಇದೊಂದೇ.

ಸೂಜಿಯಿಂದ ಸ್ಪಿನ್‌ಗೆ

ಇಷ್ಟು ಹೊತ್ತು ನೋಡಿದ್ದು ಓಲಾಟ, ನಿಜವಾದ ಸ್ಪಿನ್ ಓಲಾಡಲ್ಲ, ಬುಗುರಿ ಥರ ಸುತ್ತುತ್ತೆ. ಅದಕ್ಕೆ ಕೋನೀಯ ಸಂವೇಗ ಇರೋದ್ರಿಂದ ಅಡ್ಡ ತಳ್ಳಿದ್ರೆ ಮೇಲಕ್ಕೆ ಹೋಗುತ್ತೆ, ಮೇಲೆ ತಳ್ಳಿದ್ರೆ ಅಡ್ಡ. ಹಂಗಾಗಿ ಎರಡು ಬಿಗಿ ಬೇಕು, ಒಂದು ನಾವು ಈಗಾಗಲೇ ಲೆಕ್ಕ ಹಾಕಿದ್ದು, ಇನ್ನೊಂದು ಹಲಗೆಯಿಂದ ಮೇಲಕ್ಕೆ ಏಳೋದರದ್ದು. ಎರಡನೇದಕ್ಕೆ ಅದೇ 4.106ಕ್ಕೆ ತೂಕ ಇಂಟು ಕ್ಯೂ ಪಟ್ಟು ಕೋನದ ಕಾಸ್ ಇದರ ಮೊತ್ತ ಕೂಡ್ರಿ ಸಾಕು: 6.62, 4.79, 3.04, 2.37 ಬರುತ್ತೆ. ಸ್ಪಿನ್ ವೇವ್ ಫ್ರೀಕ್ವೆನ್ಸಿ ಈ ಎರಡರ ಗುಣಲಬ್ಧದ ವರ್ಗಮೂಲ: 7.06, 4.78, 2.90, 2.19. ಕ್ರಮ ಅದೇ, ಮೇಲಿನ ಕೆಳಗಿನ ಅಂತರ ಮಾತ್ರ ಹಿಗ್ಗಿ 3.22 ಪಟ್ಟು ಆಯ್ತು. ಕ್ಯೂ 1ರಲ್ಲಿ ಎರಡೂ ಬಿಗಿ ಹೆಚ್ಚೂಕಮ್ಮಿ ಒಂದೇ ಇರೋದ್ರಿಂದ ಅಲ್ಲಿ ಸ್ಪಿನ್ ತುದಿ ಬರೆಯೋದು ಬಹುತೇಕ ಸರಿಯಾದ ವೃತ್ತ, ಉಳಿದವುಗಳಲ್ಲಿ ಸ್ವಲ್ಪ ಚಪ್ಪಟೆ.

ಇದಕ್ಕೆ ನಿಜವಾದ ಹರ್ಟ್ಸ್ ಹಾಕಬೇಕು ಅಂದ್ರೆ, 50 ನ್ಯಾನೋಮೀಟರ್ ಅಗಲದ ಪರ್ಮಲಾಯ್ (ನಿಕಲ್ ಕಬ್ಬಿಣದ ಮಿಶ್ರಲೋಹ) ಗೋಲಿಗಳು ಆರು, 100 ನ್ಯಾನೋಮೀಟರ್ ದೂರದಲ್ಲಿ ಅಂತ ಇಟ್ಕೊಳ್ರಿ. ಮ್ಯಾಗ್ನೆಟೈಸೇಶನ್ ಮೀಟರಿಗೆ ಸುಮಾರು 8 ಲಕ್ಷ ಆಂಪಿಯರ್. ಮೇಲಿನ ನಂಬರ್‌ಗಳನ್ನ ಗುಣಿಸಬೇಕಾದ ಮೂಲ ಕ್ಷೇತ್ರ 5.2 ಮಿಲಿಟೆಸ್ಲಾ ಆಗುತ್ತೆ, ಎಲೆಕ್ಟ್ರಾನ್ ಸ್ಪಿನ್‌ಗೆ ಟೆಸ್ಲಾಗೆ 28 ಗಿಗಾಹರ್ಟ್ಸ್ ಲೆಕ್ಕದಲ್ಲಿ ಕ್ಯೂ 0 ಬರೋದು 1 ಗಿಗಾಹರ್ಟ್ಸ್ ಹತ್ತಿರ, ಕ್ಯೂ 3 ಅದರ ಮೂರನೇ ಒಂದಕ್ಕಿಂತ ತುಸು ಕಮ್ಮಿ. ಟೇಬಲ್ ಮೇಲೆ ಸೆಕೆಂಡಿಗೆ ನಾಲ್ಕು ಸಲ ಅಲ್ಲಾಡಿದ್ದು ಅಲ್ಲಿ ನೂರು ಕೋಟಿ ಸಲ.

ಅಲೆಯನ್ನ ಓಡಿಸ್ಬೇಕಾ?

ಎಕ್ಸಿಬಿಷನ್‌ನಲ್ಲಿ ಜನ ನಿಲ್ಲೋದು ಇದಕ್ಕೇ. ಹಲಗೆಯ ಕೆಳಗೆ, ಸೆಂಟರ್‌ಗೆ ನೇರವಾಗಿ, ಒಂದು ಗೇಣು ಕೆಳಗೆ ಸಣ್ಣ ಬಾರ್ ಮ್ಯಾಗ್ನೆಟ್ ಅಡ್ಡಡ್ಡ ಮಲಗಿಸಿ ತಿರುಗಿಸಿದ್ರೆ ಕ್ಯೂ 1ರ ಅಲೆ ರಿಂಗ್ ಸುತ್ತ ಒಂದೇ ದಿಕ್ಕಿಗೆ ಓಡುತ್ತೆ. ಸೆಕೆಂಡಿಗೆ ಮೂರು ಸುತ್ತಿನ ಆಸುಪಾಸು ಬಂದಾಗ ಸೂಜಿಗಳ ವಾಲಾಟ ದಿಢೀರ್ ಜಾಸ್ತಿ ಆಗುತ್ತೆ, ಅದೇ ರೆಸೊನೆನ್ಸ್. ಮೋಟಾರ್‌ನಲ್ಲೇ ಮ್ಯಾಗ್ನೆಟ್ ಇರೋದ್ರಿಂದ ಅದನ್ನ ದೂರ ಇಟ್ಟು ಉದ್ದ ಮರದ ಕಡ್ಡಿಯಿಂದ ತಿರುಗಿಸ್ರಿ. ತೀರಾ ಹತ್ತಿರ ತಂದ್ರೆ ವೋರ್ಟೆಕ್ಸೇ ಮುರಿದು ಸೂಜಿಗಳು ಹುಚ್ಚುಹುಚ್ಚಾಗಿ ತಿರುಗ್ತಾವೆ, ಮಕ್ಕಳು ಚಪ್ಪಾಳೆ ತಟ್ತಾರೆ ಆದ್ರೆ ಅಳತೆ ಹೋಯ್ತು.

ಆರರ ಬದಲು ಹನ್ನೆರಡು ಹಾಕಿದ್ರೆ ಇನ್ನೂ ಚೆನ್ನಾಗಿರಲ್ವಾ ಅಂತ ಕೇಳೋರಿಗೆ: ನೋಡೋಕೆ ಚೆಂದ, ಪಾಠಕ್ಕೆ ಕಮ್ಮಿ. ಹನ್ನೆರಡು ಸೂಜಿಗೆ ಅತಿ ವೇಗದ ಮತ್ತು ಅತಿ ನಿಧಾನದ ಮೋಡ್‌ಗಳ ಫ್ರೀಕ್ವೆನ್ಸಿ ಅನುಪಾತ 1.65, ಪಕ್ಕದವರನ್ನ ಮಾತ್ರ ತಗೊಂಡ್ರೆ 1.86, ಇಷ್ಟು ಹತ್ತಿರ ಇದ್ರೆ ಪಿವಟ್‌ನ ಘರ್ಷಣೆಯೊಳಗೇ ಅನುಮಾನ ಉಳ್ಕೊಳ್ಳುತ್ತೆ. ಬೆಸ ಸಂಖ್ಯೆ ಹಾಕಿದ್ರೆ ಅಂಕುಡೊಂಕು ಪೂರ್ತಿ ಕೂರೋದೇ ಇಲ್ಲ. ಸೂಜಿಗಳನ್ನ ಹೆಚ್ಚಿಸ್ತಾ ಕೊನೆಯಿಲ್ಲದಷ್ಟು ದೊಡ್ಡ ರಿಂಗ್ ಮಾಡಿದ್ರೆ ಸ್ಪಿನ್ ವೇವ್‌ನ ಮೇಲಿನ ಕೆಳಗಿನ ಫ್ರೀಕ್ವೆನ್ಸಿಗಳ ಅನುಪಾತ ಸರಿಯಾಗಿ 2.4ಕ್ಕೆ ಬಂದು ನಿಲ್ಲುತ್ತೆ, ಪಕ್ಕದವರನ್ನ ಮಾತ್ರ ಲೆಕ್ಕ ಹಿಡಿದ್ರೆ 3. ಅದನ್ನ ಅದೇ ಎಕ್ಸೆಲ್ ಶೀಟಲ್ಲಿ ಸಾಲು ಜಾಸ್ತಿ ಮಾಡಿ ನೀವೇ ನೋಡಬಹುದು, ಮ್ಯಾಗ್ನೆಟ್ ಖರ್ಚಿಲ್ಲ.